ಕೊಂಡಿ ಕಳಚಿದ ಮುಚ್ಚಳ

ಪರದೆಯ ಮೇಲೆ ಕೆಂಪು ಗುರುತು ಕಂಡರೆ ನನಗೆ ಆಗುವುದಿಲ್ಲ. ಕೂರಲಾಗದು, ಎದ್ದರೆ ನಿಲ್ಲಲಾಗದು, ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತೇನೆ. ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಯಂತ್ರಗಳ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ದಿನಾ ಚಿತ್ರದುರ್ಗದಿಂದ ಬಂದು ಹೋಗುತ್ತೇನೆ. ಈ ಕೆಲಸಕ್ಕೆ ತಾಳ್ಮೆ ಬೇಕು ಎನ್ನುತ್ತಾರೆ. ನನ್ನಲ್ಲಿ ಅದೊಂದೇ ಇಲ್ಲ.

ಆ ಸಲ ಬಂದದ್ದು ಅಡಿಕೆ ಸುಲಿಯುವ ಯಂತ್ರ. ಊರ ಹೊರಗೆ ಶೆಡ್ಡು ಹಾಕಿಕೊಂಡು ಇಂಥ ಯಂತ್ರ ಮಾಡುವ ಯಜಮಾನರೊಬ್ಬರಿಗೆ ಅದರ ನಕ್ಷೆಯನ್ನು ಹಿಂದೆ ನಾನೇ ಬರೆದುಕೊಟ್ಟಿದ್ದೆ. ಮೇಲಿನ ಬಾಯಿಗೆ ಅಡಿಕೆ ಸುರಿದರೆ ಒಳಗೆ ಹಲ್ಲಿನ ರೋಲರ್ ತಿರುಗಿ ಸಿಪ್ಪೆ ಕೀಳುತ್ತದೆ. ರೋಲರಿನ ಮೇಲೊಂದು ತಗಡಿನ ಮುಚ್ಚಳ. ಅಡಿಕೆ ಅದರ ಮುಂದಿನಿಂದ ಜಾರಿ ಒಳಗೆ ಹೋಗಬೇಕು, ಸುರಿಯುವವರ ಕೈ ಹೋಗಬಾರದು. ಮುಚ್ಚಳ ಇರುವುದೇ ಅದಕ್ಕೆ. ಈಗ ಹೊಸದುರ್ಗದ ಗಿರಾಕಿಯೊಬ್ಬರಿಗೆ ಅದೇ ಯಂತ್ರ, ಬಾಯಿ ಮಾತ್ರ ಮೂರು ಇಂಚು ಹೆಚ್ಚು ಅಗಲ ಬೇಕಿತ್ತು.

“ಮೂರಿಂಚು ತಾನೆ? ಒಂದು ಗಳಿಗೆ ಕೆಲ್ಸ. ಕುಂತ್ಕಂಡೇ ಇಸ್ಕಂಡು ಹೋಗ್ತೀನಿ,” ಎಂದು ಯಜಮಾನರು ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು.

ನಿಜಕ್ಕೂ ಒಂದು ಗಳಿಗೆಯ ಕೆಲಸವೇ. ಈ ಸಾಫ್ಟ್‌ವೇರಿನಲ್ಲಿ ಒಂದು ಭಾಗದ ಅಂಚನ್ನು ಹಿಡಿದು ಇನ್ನೊಂದು ಭಾಗವನ್ನು ಬರೆಯಬಹುದು. ಆ ಅಂಚು ಸರಿದರೆ ಇದೂ ತಾನಾಗಿ ಸರಿಯುತ್ತದೆ. ಮುಚ್ಚಳ, ಹಿಂದಿನ ತಗಡು, ಪಕ್ಕದ ತಗಡು, ಏಳು ಭಾಗಗಳನ್ನು ನಾನು ಬಾಯಿಯ ಅಂಚಿಗೆ ಕೊಂಡಿ ಹಾಕಿ ಬರೆದಿದ್ದೆ. ಬಾಯಿಯ ಅಳತೆಯ ಜಾಗದಲ್ಲಿ ಹೊಸ ಅಂಕಿ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ನನ್ನದು ದುಡುಕು ಬುದ್ಧಿ. ಹಳೆಯ ಗೆರೆ ಅಳಿಸಿ ಹೊಸ ಗೆರೆ ಎಳೆದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಹಾಗಲ್ಲ. ತಾವು ಹಿಡಿದಿದ್ದ ಗೆರೆಯೇ ಇಲ್ಲವೆಂದು ಏಳೂ ಭಾಗಗಳು ಕೆಂಪಾದವು.

ಒಂದೊಂದನ್ನೇ ತೆರೆದು ಹೊಸ ಅಂಚು ತೋರಿಸುತ್ತ ಬಂದೆ. ಐದು ಸರಿಯಾದವು. ಮುಚ್ಚಳವೂ ಹಿಂದಿನ ತಗಡೂ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ತನ್ನ ಅಳತೆಗೆ ಮುಚ್ಚಳ ಹಿಂದಿನ ತಗಡನ್ನು ಕೇಳುತ್ತಿತ್ತು, ಹಿಂದಿನ ತಗಡು ಮುಚ್ಚಳವನ್ನೇ ಕೇಳುತ್ತಿತ್ತು. ಯಾವಾಗಲೋ ನಾನೇ ಹಾಗೆ ಸುತ್ತು ಹಾಕಿಟ್ಟಿದ್ದೆ. ಒಂದನ್ನು ಬಿಡಿಸಿದರೆ ಇನ್ನೊಂದು ಕೆಂಪಾಗುತ್ತಿತ್ತು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಯಜಮಾನರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. “ನಾಳೆ ಅಮಾಸೆ ಕಣವ್ವ. ನಮ್ಮ ಶೆಡ್ಡಾಗೆ ಕಬ್ಬಿಣ ಮುಟ್ಟಂಗಿಲ್ಲ, ಪೂಜೆ ಅಷ್ಟೇ. ಹೊಸ ಮಿಷನ್ ಪೂಜೆ ಆಗ್ದೆ ಶುರು ಮಾಡಾಕೆ ಬರಲ್ಲ. ಇವತ್ತು ತಪ್ಪಿದ್ರೆ ಇನ್ನು ಮುಂದಿನ ಅಮಾಸೇನೇ. ದುರ್ಗದಾಗೆ ತಗಡು ಕತ್ತರ್ಸೋರು ಕಾಯ್ತಾ ಅದಾರೆ, ರಾತ್ರಿಯೆಲ್ಲ ಕುಂತು ಜೋಡ್ಸಬೇಕು.”

“ತಡೀರಿ ಯಜಮಾನ್ರೇ, ತಲೆ ತಿನ್ಬೇಡಿ!” ಎಂದು ರೇಗಿದೆ. ಹಿರಿಯರ ಮೇಲೆ ರೇಗಿದೆನಲ್ಲ ಎಂಬ ನಾಚಿಕೆಯೂ ಸೇರಿಕೊಂಡು ನನ್ನ ಕೈ ಇನ್ನಷ್ಟು ಅವಸರ ಮಾಡಿತು. ಮುಚ್ಚಳದ ಮೇಲೆ ಕ್ಲಿಕ್ ಮಾಡಿ ಕೊಂಡಿಯನ್ನೇ ಕಳಚಿಬಿಟ್ಟೆ. ಕೆಂಪು ಹೋಯಿತು.

“ಹೋತಲ್ಲ! ಆತು ಬಿಡು,” ಎಂದು ಯಜಮಾನರು ಎದ್ದರು. ನಾನೂ ಆಯಿತು ಬಿಡು ಎಂದುಕೊಂಡೆ. ಕೊಂಡಿ ಕಳಚಿದ ಭಾಗ ಇನ್ನು ಯಾರನ್ನೂ ಕೇಳುವುದಿಲ್ಲ, ಆದ್ದರಿಂದ ದೂರುವುದೂ ಇಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಅಮಾವಾಸ್ಯೆಯ ದಿನ ಪೂಜೆಗೆ ಕರೆದಿದ್ದರು, ಹೋಗಿದ್ದೆ. ಯಂತ್ರಕ್ಕೆ ಮೂರು ಬೆರಳಿನ ವಿಭೂತಿ, ಕುಂಕುಮ, ಬಾಯಿಯ ತುಂಬ ಚೆಂಡುಹೂವಿನ ಮಾಲೆ. ಕಾಯಿ ಒಡೆದರು, ಮಂಡಕ್ಕಿ ಕೊಟ್ಟರು. ಏನೋ ಮರೆತಿದ್ದೇನೆ ಎಂಬ ಕಸಿವಿಸಿ ಮಾತ್ರ ಎದೆಯಲ್ಲಿ ಓಡಾಡುತ್ತಲೇ ಇತ್ತು. ಹೂವು ಸರಿಸಿ ನೋಡಬೇಕೆಂದು ತೋಚಲಿಲ್ಲ. ತೋಚಿದ್ದರೂ ಪೂಜೆಯ ಹೂವಿಗೆ ಕೈ ಹಾಕುವ ಧೈರ್ಯ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೋಣೆಗೆ ಬಂದು, ಆ ಸುತ್ತನ್ನು ಬಿಡಿಸಿಯೇ ತೀರುತ್ತೇನೆಂದು ಫೈಲ್ ತೆರೆದೆ. ಪರದೆಯಲ್ಲಿ ಎಲ್ಲೂ ಕೆಂಪಿಲ್ಲ. ಯಂತ್ರವನ್ನು ತಿರುಗಿಸಿ ಮೇಲಿನಿಂದ ನೋಡಿದೆ. ಬಾಯಿ ಮೂರು ಇಂಚು ಹೆಚ್ಚು ಅಗಲವಾಗಿತ್ತು. ಮುಚ್ಚಳ ಹಳೆಯ ಅಳತೆಯಲ್ಲೇ ಇತ್ತು. ಬಲಗಡೆ ಮೂರು ಇಂಚಿನ ಸಂದು, ಸಂದಿನ ಕೆಳಗೆ ರೋಲರಿನ ಹಲ್ಲು.

ಯಜಮಾನರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಯಂತ್ರದ ಸದ್ದಿನಲ್ಲಿ ಕೇಳುತ್ತಿಲ್ಲ ಎಂದು ಹೊಳೆದದ್ದೇ ಎದ್ದು ಓಡಿದೆ. ಚಪ್ಪಲಿ ಮೆಟ್ಟಿಕೊಂಡೆನೋ ಇಲ್ಲವೋ ನೆನಪಿಲ್ಲ, ಆಟೋ ಹತ್ತಿದೆ. ದಾರಿಯುದ್ದಕ್ಕೂ ಆಟೋದವನನ್ನು ಬೈದೆ, ಒಳಗೇ ನನ್ನನ್ನೂ ಬೈದುಕೊಂಡೆ.

ಶೆಡ್ಡಿನಲ್ಲಿ ಯಂತ್ರ ಓಡುತ್ತಿತ್ತು. ಅಡಿಕೆ ಸುರಿಯುತ್ತಿದ್ದ ಹೆಂಗಸು ವರ್ಷಗಟ್ಟಲೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು, ಈಗ ಹೊಸ ಯಂತ್ರ ಬಂದಾಗಲೆಲ್ಲ ಓಡಿಸಿ ನೋಡಲು ಬರುವವರು.

“ಬಂದ್ ಮಾಡ್ರಿ! ಮೊದ್ಲು ಬಂದ್ ಮಾಡ್ರಿ!” ಎಂದು ಕಿರುಚಿದೆ.

ಯಜಮಾನರು ಸ್ವಿಚ್ ಆರಿಸಿ, ನಗುತ್ತಲೇ ಬಂದರು. “ಯಾಕವ್ವ ಹಿಂಗೆ? ಭಾಳ ಚೆನ್ನಾಗಿ ಓಡ್ತೈತೆ. ಮುಚ್ಚಳದ ಪಕ್ಕ ಸಂದು ಬಿಟ್ಟೀಯಲ್ಲ, ಎಂಥ ತಲೆ ನಿಂದು! ಇಂಥವೇ ಇನ್ನೂ ನಾಕು ಮಾಡಾಣ.”

“ಹೌದ್ರಿ ಮೇಡಮ್ಮೋರೆ,” ಎಂದರು ಆ ಹೆಂಗಸು. “ಹಳೇದ್ರಾಗೆ ಅಡಿಕೆ ಸಿಕ್ಕೊಂಡ್ರೆ ಬೋಲ್ಟ್ ಬಿಚ್ಬೇಕಿತ್ತು. ಇದ್ರಾಗೆ ಹಿಂಗೆ ಕೈ ಹಾಕಿ ದೂಡಿದ್ರೆ ಆತು.”

ನನಗೆ ಅಳು ಬಂತು. “ಅದು ತಲೆ ಅಲ್ಲ ಯಜಮಾನ್ರೇ. ತಪ್ಪು. ನನ್ನ ತಪ್ಪು,” ಎಂದೆ. ಅವರು ನಂಬಲಿಲ್ಲ. ಬೋಲ್ಟ್ ಬಿಚ್ಚುವ ರಗಳೆ ತಪ್ಪಿತಲ್ಲ, ಇದರಲ್ಲಿ ತಪ್ಪೇನು ಬಂತು ಎಂದು ವಾದಕ್ಕೇ ನಿಂತರು.

ನಾನೇ ಹೋಗಿ ಕರೆಂಟಿನ ವೈರು ಕಿತ್ತೆ. ರೋಲರ್ ಪೂರ್ತಿ ನಿಂತಿದೆಯೇ ಎಂದು ಬಗ್ಗಿ ನೋಡಿದೆ. “ಈಗ ಕೈ ಹಾಕಕ್ಕ. ಯಾವಾಗ್ಲೂ ಎಷ್ಟು ಹಾಕ್ತೀಯೋ ಅಷ್ಟೇ,” ಎಂದೆ.

ಅವರು ನಗುತ್ತ ಸಂದಿನೊಳಗೆ ಕೈ ಇಳಿಸಿದರು. ಸ್ವಲ್ಪ ಇಳಿದ ಮೇಲೆ ನಗು ನಿಂತಿತು. ಮೆಲ್ಲಗೆ ಕೈ ಹೊರಗೆ ತೆಗೆದರು. ನಡುಬೆರಳಿನ ತುದಿಯಲ್ಲಿ ರೋಲರಿನ ಹಲ್ಲಿನ ಗ್ರೀಸು ಕಪ್ಪಗೆ ಹತ್ತಿತ್ತು. ಯಜಮಾನರು ಸ್ಪ್ಯಾನರ್ ತಂದು ಮುಚ್ಚಳದ ಬೋಲ್ಟ್ ಬಿಚ್ಚತೊಡಗಿದರು.

“ಬೆಳಗ್ಗಿಂದ ಎಷ್ಟು ಸಲ ಹಿಂಗೆ ಹಾಕಿದ್ಯಕ್ಕ?” ಎಂದು ಕೇಳಿದೆ.

ಅವರು ಒಂದೊಂದೇ ಬೆರಳು ಮಡಚುತ್ತ ಎಣಿಸತೊಡಗಿದರು. ಆ ಕೈಯ ಬೆರಳು ಸಾಲದೆ ಇನ್ನೊಂದು ಕೈಯನ್ನೂ ಎತ್ತಿದರು.