ನಾನು ಹಾಕದೆ ಬಿಟ್ಟ ಪಿತ್ತದ ಉಪ್ಪು

ಗಣಿ ಲಾರಿಗಳು ಹೊಸಪೇಟೆಯನ್ನು ಕೆಂಪು ಧೂಳಿನಲ್ಲಿ ಮುಳುಗಿಸಿದ್ದ ವರ್ಷಗಳವು. ನಾನು ಎಂ.ಎಸ್ಸಿ. ಮುಗಿಸಿ, ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿಗೆ ಸೇರಿದ್ದೆ. ಅಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಜಂಬಕ್ಕೇನೂ ಬರ ಇರಲಿಲ್ಲ.

ನೀರಿಗೆ ಮಲ ಸೇರಿದೆಯೋ ಇಲ್ಲವೋ ತಿಳಿಯಲು ಅಗರ್ ಎಂಬ ಗಟ್ಟಿ ಲೋಳೆಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕು. ಆ ಅಗರ್‌ಗೆ ಸೋಡಿಯಂ ಡಿಆಕ್ಸಿಕೋಲೇಟ್ ಎಂಬ ಬಿಳಿ ಪುಡಿ ಹಾಕುತ್ತಿದ್ದೆವು. ಅದು ಪಿತ್ತದ ಆಮ್ಲವೊಂದರ ಉಪ್ಪು. ಹೊಟ್ಟೆಯಲ್ಲಿ ಜಿಡ್ಡನ್ನು ಒಡೆದು ನೀರಿಗೆ ಬೆರೆಸುವ ಜಾತಿಯದು. ಅದೇ ಗುಣದಿಂದ ಮಣ್ಣಿನ ಎಷ್ಟೋ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನೂ ಒಡೆದು ಹಾಕುತ್ತದೆ. ಕರುಳಿನಲ್ಲಿ ಪಿತ್ತದ ಜೊತೆಗೇ ಬಾಳಿದವು ಮಾತ್ರ ಅದಕ್ಕೆ ಜಗ್ಗದೆ ಬೆಳೆದು ಕೆಂಪು ಚುಕ್ಕೆಗಳಾಗುತ್ತವೆ. ತೂಗುವಾಗ ಒಂಚೂರು ಹಾರಿದರೂ ಸೀನಿ ಸೀನಿ ಸಾಕಾಗುತ್ತಿತ್ತು.

ಒಂದು ದಿನ ಹೊಸ ಬಾಟಲಿ ಬಂತು. ಜೊತೆಗಿದ್ದ ಹಾಳೆಯಲ್ಲಿ ಬರೆದಿತ್ತು: ದನದ ಪಿತ್ತದಿಂದ ತೆಗೆದದ್ದು. ಹಂಪಿಯ ಅರ್ಚಕರ ಮನೆಯ ಮಗಳು ನಾನು. ಪುಸ್ತಕದಲ್ಲಿ ಇದನ್ನು ಓದಿರಲಿಲ್ಲವೇ? ಓದಿದ್ದೆ, ಪರೀಕ್ಷೆಗೆ ಬರೆದು ಮರೆತಿದ್ದೆ. ಈಗ ಬಾಟಲಿ ಎದುರಿಗಿತ್ತು. ಗ್ಲೌಸ್ ಇತ್ತು, ಚಮಚ ಇತ್ತು, ಆದರೂ ಮುಟ್ಟಲಿಲ್ಲ. ಉಳಿದದ್ದನ್ನೆಲ್ಲ ಬೆರೆಸಿ, ಅದೊಂದನ್ನು ಬಿಟ್ಟು, ನೋಟ್‌ಬುಕ್ಕಿನಲ್ಲಿ ಮಾತ್ರ ಹಾಕಿದೆನೆಂದು ಬರೆದೆ. ದೊಡ್ಡ ವಿಜ್ಞಾನಿ ನಾನು.

ಆ ತಟ್ಟೆಗಳಿಗೆ ಬಿದ್ದದ್ದು ಯಶವಂತನಗರದಲ್ಲಿ ಗಣಿ ಕೂಲಿಗಳ ಕೇರಿಯ ಬಾವಿ ನೀರು. ತಡೆಯುವ ಪಿತ್ತವೇ ಇಲ್ಲದ ಮೇಲೆ ಕಂಡಕಂಡದ್ದೆಲ್ಲ ಬೆಳೆಯಿತು, ತಟ್ಟೆ ತುಂಬ ಕೆಂಪು ಚುಕ್ಕೆ. ಕಾರಣ ಏನಿರಬಹುದೆಂದು ನನಗೆ ಗೊತ್ತಿತ್ತು. ಆದರೂ ‘ಕುಡಿಯಲು ಯೋಗ್ಯವಲ್ಲ’ ಎಂಬ ವರದಿಗೆ ಸಹಿ ಹಾಕಿದೆ. ಬಾವಿ ಕಟ್ಟೆಯ ಮೇಲೆ ಹಾಗೆಂದೇ ಬಣ್ಣದಲ್ಲಿ ಬರೆದರು. ಹೆಂಗಸರು ಅದಿರು ಲಾರಿಗಳು ಓಡಾಡುವ ರಸ್ತೆ ದಾಟಿ ಟ್ಯಾಂಕರಿಗೆ ಕಾಯತೊಡಗಿದರು.

ಮನಸ್ಸು ತಡೆಯಲಿಲ್ಲ. ಯಾರಿಗೂ ಹೇಳದೆ ಅದೇ ಬಾವಿ ನೀರು ತಂದು, ಮೂಗು ಮುಚ್ಚಿಕೊಂಡು ಪುಡಿ ತೂಗಿ, ಸರಿಯಾಗಿ ಮಾಡಿ ನೋಡಿದೆ. ಒಂದು ಕೆಂಪು ಚುಕ್ಕೆಯೂ ಏಳಲಿಲ್ಲ. ಇನ್ನೊಮ್ಮೆ ಮಾಡಿದೆ, ಆಗಲೂ ಇಲ್ಲ. ಹೇಳಿದರೆ ಕೆಲಸ ಹೋದೀತು, ಅದಕ್ಕಿಂತ ಮೊದಲು ಮಾನ ಹೋದೀತು ಅಂತ ಬಾಯಿ ಮುಚ್ಚಿಕೊಂಡು ಕೂತೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಕೆಲವು ವಾರಗಳ ಮೇಲೆ ಟ್ಯಾಂಕರ್ ನೀರಿನ ಸ್ಯಾಂಪಲ್ ತರಲು ಆ ಕೇರಿಗೆ ಹೋದೆ. ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು, ಹಿಂದೆ ಬಾವಿ ನೀರು ಒಯ್ದಿದ್ದ ನನ್ನ ಗುರುತು ಹಿಡಿದು ಎದ್ದು ಬಂದಳು.

“ಅಕ್ಕೋರ, ನಮ್ಮತ್ತಿ ಕಾಲದಿಂದ ಕುಡದ ನೀರು. ಖರೇನ ಕೆಟ್ಟೈತೇನ್ರಿ?”

“ಹಂಗೇನಿಲ್ಲಮ್ಮಾ,” ಅಂದೆ. “ಈಗ ಚೊಲೋ ಇರಬೌದು.”

ಆಕೆಯ ಮುಖ ಅರಳಿತು. ಕೊಡ ಇಳಿಬಿಟ್ಟು ನೀರು ಸೇದಿ, ಚೊಂಬು ತೊಳೆದು, ತುಂಬಿ ನನ್ನ ಮುಂದೆ ಹಿಡಿದಳು. “ಹಂಗಾದ್ರ ನೀವೊಂದು ಗುಟುಕು ಕುಡೀರಿ. ನೀವು ಕುಡದ್ರ ನಾವೂ ಕುಡೀತೀವಿ.”

ಆ ನೀರು ಶುದ್ಧ ಎಂದು ಪರೀಕ್ಷೆ ಮಾಡಿ ತಿಳಿದವಳು ನಾನೊಬ್ಬಳೇ. ಆದರೆ ಆ ಕೇರಿಯ ಚೊಂಬಿಗೆ ತುಟಿ ಹಚ್ಚುವುದು ನನ್ನಿಂದ ಆಗಲಿಲ್ಲ. ಕೈಯೇ ಮುಂದೆ ಹೋಗಲಿಲ್ಲ.

“ಬ್ಯಾಡಮ್ಮಾ, ನೀರಡಿಕಿಲ್ಲ,” ಅಂದೆ.

ಆಕೆ ನನ್ನ ಮುಖ ನೋಡಿದಳು. ಸಿಟ್ಟಾಗಲಿಲ್ಲ. ಚೊಂಬಿನ ನೀರನ್ನು ನೆಲಕ್ಕೆ ಚೆಲ್ಲಿ, ಬಾವಿಯೆದುರಿನ ತನ್ನ ಮನೆ ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಹೇಳಿದಳು: “ಕೆಟ್ಟಿದ್ದು ಖರೇನ ಐತಿ. ಅಕ್ಕೋರ ಕುಡೀವಲ್ರು. ಕೊಡ ತಗೊಂಡು ರಸ್ತಿಗೆ ಹೋಗು.”