ಶೋಕೇಸಿನೊಳಗಿನ ಬಸುರಿ

ಆ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಮನೆಯಲ್ಲಿ ಇಬ್ಬರು ಬಸುರಿಯರಿದ್ದರು. ಒಬ್ಬಳು ನನ್ನ ಮಗಳು, ಚೊಚ್ಚಲ ಹೆರಿಗೆಗೆಂದು ದೇವದುರ್ಗದ ಗಂಡನ ಮನೆಯಿಂದ ತವರಿಗೆ ಬಂದವಳು. ಇನ್ನೊಂದು ಬಸುರಿ ಎಂಬುದು ನಮಗೆ ತಿಳಿಯುವಷ್ಟರಲ್ಲಿ ಅದರ ಜೀವ ಹೋಗುವ ಹಂತಕ್ಕೆ ಬಂದಿತ್ತು.

ಅದೊಂದು ಓತಿಕ್ಯಾತ. ಹಾಗಂದರೆ ಮಗಳಿಗೆ ಸಿಟ್ಟು ಬರುತ್ತದೆ. 'ಗಡ್ಡದ ಡ್ರ್ಯಾಗನ್ ಅನ್ನಬೇಕು ಯವ್ವಾ' ಎನ್ನುತ್ತಾಳೆ. ಹೈದರಾಬಾದಿನಲ್ಲಿ ಓದುವಾಗ ಅಂಥವೆರಡನ್ನು ಸಾಕಿಕೊಂಡಿದ್ದಳು. ಓದು ಮುಗಿಸಿ ಬರುವಾಗ ರಟ್ಟಿನ ಡಬ್ಬಿಯಲ್ಲಿ ಹೊತ್ತು ತಂದಳು. ನನ್ನ ಗಂಡ ತೀರಿಹೋದ ಮೇಲೆ ಮನೆಯಲ್ಲಿ ಗಂಡು ದಿಕ್ಕಿಲ್ಲ ಎಂದು ನೆರೆಯವರು ಮರುಗುತ್ತಿದ್ದ ಕಾಲ. ನನ್ನ ಮಗಳು ದಿಕ್ಕಿಗೆಂದು ತಂದದ್ದು ಇವನ್ನು! ಮೊಳದುದ್ದ ಮೈ, ಕತ್ತಿನ ಕೆಳಗೆ ಮುಳ್ಳುಮುಳ್ಳು ಚರ್ಮ, ಹೆದರಿದರೆ ಆ ಚರ್ಮ ಉಬ್ಬಿ ಕಪ್ಪಾಗುತ್ತದೆ. ಅದೇ ಗಡ್ಡ. ಮೊದಲ ವಾರ ನಾನು ಅವಿದ್ದ ಕೋಣೆಗೆ ಕಾಲಿಡಲಿಲ್ಲ.

ಆಮೇಲೆ ಅವಕ್ಕೆ ಮನೆ ಕಟ್ಟಿಸಿದವಳೂ ನಾನೇ. ನಾನು ಪಾಠ ಹೇಳುವುದು ಮಾನ್ವಿಯಲ್ಲಿ. ಅಲ್ಲಿ ಬಾಗಿಲು ಮುಚ್ಚಿದ ಒಂದು ಬೇಕರಿಯ ಉದ್ದನೆಯ ಗಾಜಿನ ಶೋಕೇಸು ಸಿಕ್ಕಿತು. ಹಿಂದಿನ ಹಲಗೆ ತೆಗೆಸಿ ಗಾಳಿಯಾಡಲೆಂದು ಜಾಲರಿ ಹಾಕಿಸಿದೆವು. ಎರಡೂ ಕೂಡಿದರೆ ಕಚ್ಚಾಡುತ್ತವೆಂದು ನಡುವೆ ಹಲಗೆ ನಿಲ್ಲಿಸಿದೆವು. ಹತ್ತಿ ಕೂಡಲು ಹುಣಸೆಯ ಕೊಂಬೆ, ಒಂದು ತುದಿಗೆ ಮೈ ಕಾಯಿಸಿಕೊಳ್ಳಲು ಬಲ್ಬು. ನಮ್ಮೂರ ಬಿಸಿಲಿಗೆ ಬಲ್ಬೊಂದು ಕೇಡು ಎಂದು ನಾನು ನಕ್ಕಿದ್ದೆ. ನೆಲಕ್ಕೆ ಏನು ಹಾಸುವುದೆಂಬ ಮಾತು ಬಂದಾಗ ಮನೆ ಕಟ್ಟಿದಾಗ ಉಳಿದಿದ್ದ ಶಹಾಬಾದ ಕಲ್ಲು ನೆನಪಾಯಿತು. ತಂಪು, ಒರೆಸಲು ಸಸಾರ, ಹುಳ ಅಡಗಲು ಸಂದಿಯಿಲ್ಲ. ತಾಯಿ ಮಗಳು ಇಬ್ಬರೂ ನಮ್ಮ ಬುದ್ಧಿಗೆ ನಾವೇ ಮೆಚ್ಚಿಕೊಂಡೆವು.

ಮದುವೆಯಾಗಿ ಮಗಳು ಹೋದಳು, ಅವು ನನ್ನ ಕೊರಳಿಗೆ ಬಿದ್ದವು. ನುಗ್ಗೆಸೊಪ್ಪು ಹೆಚ್ಚಿಡುವುದು, ಡಬ್ಬಿಯಲ್ಲಿ ಸಾಕಿದ ಹುಳಗಳನ್ನು ಚಿಮಟದಲ್ಲಿ ಹಿಡಿದು ಬಾಯಿಗೆ ಕೊಡುವುದು ಎಲ್ಲ ರೂಢಿಯಾಯಿತು. ಹತ್ತಿ ಹೊಲದ ಮಿಡತೆ ಮಾತ್ರ ಕೊಡುತ್ತಿರಲಿಲ್ಲ. ಹತ್ತಿಗೆ ಕೀಟ ಕೊಲ್ಲುವ ಎಣ್ಣೆ ಹೊಡೆದಿರುತ್ತಾರೆ. ಬೀಗರಿಗೆ ಮಾತ್ರ ಈ ವಿಷಯ ಹೇಳಿರಲಿಲ್ಲ. ಅವರು ಬಂದಾಗಲೆಲ್ಲ ಶೋಕೇಸಿನ ಮೇಲೊಂದು ಚಾದರ ಹೊದಿಸಿ, ಹಳೇ ಸಾಮಾನು ಎನ್ನುತ್ತಿದ್ದೆ.

ಮಗಳಿಗೆ ದಿನ ತುಂಬುತ್ತ ಬಂದಾಗ ಬಿಪಿ ಏರಿತು. ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು ಎಂದು ಡಾಕ್ಟರಮ್ಮ ಅಂದರು. ನಾನು ಬಿಪಿ ನೋಡುವ ಮಷೀನು ತಂದು ಅವಳ ತೋಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಇದನ್ನೇ ಕೆಲಸ ಮಾಡಿಕೊಂಡೆ. ಅದೇ ವಾರ ಎರಡರಲ್ಲಿ ದೊಡ್ಡದು ಅನ್ನ ಬಿಟ್ಟಿತು. ಮೂಲೆಗೆ ಹೋಗಿ ಕಲ್ಲನ್ನು ಕೆರೆಯುತ್ತದೆ, ಗಾಜಿಗೆ ಮೈ ತಿಕ್ಕುತ್ತದೆ, ಮತ್ತೆ ಕಲ್ಲು ಕೆರೆಯುತ್ತದೆ. ಗಡ್ಡ ಕಪ್ಪಿಟ್ಟಿತ್ತು. ಮಗಳು ಊಟ ಬಿಟ್ಟು ಅದರೆದುರು ಕುಳಿತಳು. ನಮ್ಮ ಕಡೆ ಯಾರಿಗೆ ಏನೇ ಆಗಲಿ, ಝಳ ಬಡಿದಿದೆ ಎಂಬುದೇ ಮೊದಲ ಮಾತು. ನಾನೂ ಹಾಗೇ ಅಂದುಕೊಂಡು ಬಲ್ಬು ಆರಿಸಿದೆ, ಗೋಣಿಚೀಲ ತೋಯಿಸಿ ಹೊದಿಸಿದೆ, ಬರ್ಫದ ಬಾಟಲಿ ಇಟ್ಟೆ. ಅದು ಇನ್ನೂ ಮಂಕಾಯಿತು.

ಬೇಡವೆಂದರೂ ಕೇಳದೆ ಮಗಳು ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಆಟೋ ಹತ್ತಿದಳು, ನಾನೂ ಹತ್ತಿದೆ. ದನದ ಡಾಕ್ಟರು ಅದನ್ನು ಕಂಡು ಹಿಂದೆ ಸರಿದರು.

"ನಂದೇನಿದ್ರೂ ಎಮ್ಮಿ, ಆಡು, ಕೋಳಿ. ಇಂಥಾದ್ದನ್ನ ನಾ ಮುಟ್ಟೇ ಇಲ್ರಿ ಟೀಚರ್."

ಆದರೂ ಹೈದರಾಬಾದಿನಲ್ಲಿ ಇಂಥವನ್ನು ನೋಡುವ ತಮ್ಮ ಡಾಕ್ಟರ್ ಗೆಳೆಯನಿಗೆ ಫೋನು ಹಚ್ಚಿ, ಅವನು ಹೇಳಿದಂತೆ ಹೊಟ್ಟೆ ಮುಟ್ಟಿ ನೋಡಿದರು. "ಹೊಟ್ಟಿ ತುಂಬ ತತ್ತಿ ಅದಾವ್ರಿ. ಗಂಡು ಇಲ್ದಿದ್ರೂ ಕೋಳಿ ತತ್ತಿ ಇಡಂಗಿಲ್ಲೇನು, ಇದೂ ಹಂಗ. ಅಗಿಯಾಕ ಮಣ್ಣಿಲ್ಲಂದ್ರ ಎಲ್ಲಿ ಇಡಬೇಕ್ರಿ ಪಾಪ? ಒಳಗ ಹಿಡ್ಕೊಂಡು ಕುಂತದ. ತಂಪು ಬ್ಯಾಡ, ಬೆಚ್ಚಗಿಡ್ರಿ. ನಾಳಿ ಸಂಜಿತನ ನೋಡ್ರಿ. ಇಡ್ಲಿಲ್ಲಂದ್ರ ಹೈದರಾಬಾದಿಗೆ ಒಯ್ದು ಕೊಯ್ಸಬೇಕು. ಉಳೀತದ ಅಂತ ನಾ ಹೇಳಂಗಿಲ್ಲ."

ಮಗಳ ಮುಖ ನೋಡಿದೆ. ಅವಳ ಕೈ ಅವಳ ಹೊಟ್ಟೆಯ ಮೇಲಿತ್ತು. ನನಗೆ ಆ ಡಾಕ್ಟರ ಮೇಲೆ, ಓತಿಯ ಮೇಲೆ, ಕಲ್ಲಿನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಇದು ಸತ್ತರೆ ನನ್ನ ಮಗಳಿಗೆ ಏನಾಗುತ್ತದೋ ಎಂಬ ಹೆದರಿಕೆಯೇ ಆ ಸಿಟ್ಟು.

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಕೇಳಿ ಉಸುಕು ತಂದೆ. ಅದಕ್ಕೆ ಕೆಮ್ಮಣ್ಣು ಕೂಡಿಸಿ, ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ತುಂಬಿದೆ. ಮೇಲೆ ಬಲ್ಬು ಕಟ್ಟಿ, ಸುತ್ತಲೂ ಚಾದರ ಇಳಿಬಿಟ್ಟು ಓತಿಯನ್ನು ಒಳಗೆ ಬಿಟ್ಟೆವು. ಕೆರೆಯುವ ಸದ್ದು ಬಂತು. ಇಬ್ಬರೂ ಚಾದರ ಎತ್ತಿ ಇಣುಕಿದೆವು. ಅದು ಕೆರೆಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡಿತು. ಮರುದಿನ ಮಧ್ಯಾಹ್ನದವರೆಗೂ ಇದೇ ಆಯಿತು. ಸದ್ದು ಬಂದರೆ ಎತ್ತಿ ನೋಡುವುದು. ಸದ್ದು ನಿಂತರೆ ಸತ್ತಿತೋ ಏನೋ ಎಂದು ಮತ್ತೆ ಎತ್ತುವುದು. ಟಬ್ಬಿನಲ್ಲಿ ನಾಲ್ಕಾರು ಅರ್ಧಂಬರ್ಧ ಕುಣಿಗಳಾಗಿದ್ದವು, ಅಷ್ಟೇ. ಮಗಳ ಬಿಪಿ ಹಿಂದಿನ ದಿನಕ್ಕಿಂತ ಮೇಲೇರಿತ್ತು.

ಅದೇ ಹೊತ್ತಿಗೆ ದೇವದುರ್ಗದಿಂದ ಬೀಗತಿ ಬಂದಿಳಿದರು, ಬಯಕೆ ಬುತ್ತಿ ಹೊತ್ತುಕೊಂಡು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಖಡಕ್ ರೊಟ್ಟಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಮೊಸರನ್ನ. ಜೋರು ಹೆಂಗಸು, ಬಸ್ಸಿನ ಕಂಡಕ್ಟರೂ ಅವರಿಗೆ ಹೆದರುತ್ತಾನೆ. ಸೊಸೆಯ ಪಕ್ಕ ಕುಳಿತವರೇ ಕಿವಿ ನಿಮಿರಿಸಿದರು.

"ಏನ್ರಿ ಬೀಗ್ರ ಅದು ಸಪ್ಪಳ? ಇಲಿ ಏನು?"

"ಹೌದ್ರಿ, ಇಲಿ," ಅಂದೆ ನಾನು.

ಮಗಳು ಬಿಕ್ಕಿ ಅತ್ತುಬಿಟ್ಟಳು. "ಇಲಿ ಅಲ್ಲ ಅತ್ತಿ!"

ಬೀಗತಿ ಎದ್ದು ಚಾದರ ಎತ್ತಿದರು. "ಯಪ್ಪಾ ಶಿವನೇ!" ಎಂದು ಚೀರಿ ಗೋಡೆಗೆ ಆತುಕೊಂಡರು. ಇನ್ನು ಸೊಸೆಯನ್ನು ಇದೇ ಬಸ್ಸಿಗೆ ಕರೆದೊಯ್ಯುತ್ತಾರೆ ಎಂದುಕೊಂಡೆ. ಮಗಳು ಅಳುತ್ತಲೇ ತತ್ತಿಯ ವಿಷಯ, ಡಾಕ್ಟರು ಹೇಳಿದ್ದು ಎಲ್ಲ ಒದರಿದಳು. ಬೀಗತಿ ಸೆರಗು ಮೂಗಿಗೆ ಹಿಡಿದೇ ಕೇಳಿಸಿಕೊಂಡರು.

"ಯಾವಾಗಿಂದ ಅಗಿಯಾಕತ್ತದ?"

"ನಿನ್ನಿಯಿಂದ್ರಿ."

"ಮತ್ತ ನೀವೇನ್ ಮಾಡಾಕತ್ತೀರಿ?"

"ಗಳಿಗಿಗೊಮ್ಮೆ ನೋಡಾಕತ್ತೀವ್ರಿ. ನೋಡ್ದಿದ್ರ ಹೆಂಗ?"

"ಹೌದ್ರಿ ಬೀಗ್ರ, ನಿಮ್ಮ ಎದುರಿಗೆ ಮಂದಿ ಹಿಂಗ ಕಣ್ಣು ಕಿಸ್ಕೊಂಡು ಕುಂತಿದ್ರ ನೀವರ ಹಡೀತಿದ್ರೇನು? ಆಕಳ ಈಯೂ ಹೊತ್ತಿನ್ಯಾಗ ನಮ್ಮ ಕೊಟ್ಟಿಗಿಗೆ ನಾ ನನ್ನ ಗಂಡನ್ನೂ ಬಿಡಂಗಿಲ್ಲ. ಏಳ್ರಿ, ಹೊರಗ ನಡೀರಿ ಇಬ್ರೂ!"

ನಮ್ಮನ್ನು ಹೊರಗೆ ಹಾಕಿ, ಬಾಗಿಲು ಮುಂದೆ ಮಾಡಿ, ಹೊಸ್ತಿಲಿಗೆ ಕುರ್ಚಿ ಹಾಕಿಕೊಂಡು ಅವರೇ ಕಾವಲು ಕುಳಿತರು. ಒಳಗೇನಿದೆಯೆಂದು ನೆನೆದಾಗಲೆಲ್ಲ ಮೈ ಝುಂ ಎನ್ನುತ್ತಿತ್ತೋ ಏನೋ, ಕಾಲು ಮೇಲೆತ್ತಿಕೊಂಡಿದ್ದರು. ಮಗಳು ಅಡುಗೆಮನೆಯಲ್ಲಿ ಕುಳಿತು ಒಂದು ಹೋಳಿಗೆ ತಿಂದಳು, ಇನ್ನೊಂದು ಕೇಳಿದಳು. ನಾನು ಮಷೀನು ಹಿಡಿದು ಹತ್ತಿರ ಹೋದರೆ, "ಅದನ್ನ ಆ ಕಡೆ ಇಡು ಯವ್ವಾ" ಅಂದಳು.

ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಬಾಗಿಲಿನ ತನಕ ಹೋಗಿ ಬಂದೆ, ಮತ್ತೆ ಹೋದೆ.

"ಒಂದೀಟ ಇಣುಕಿ ಬರ್ತೀನ್ರಿ."

"ನೀವು ನೋಡಿದ್ರ ಜಲ್ದಿ ಆಗ್ತದೇನು? ಕುಂದ್ರಿರಿ."

ಹೊತ್ತು ಇಳಿಯುತ್ತ ಬಂತು. ಒಳಗಿನ ಕೆರೆತ ಒಮ್ಮೆಲೇ ನಿಂತುಹೋಯಿತು. ಬಹಳ ಹೊತ್ತು ಏನೂ ಇಲ್ಲ. ಸತ್ತಿತು ಅಂದುಕೊಂಡೆ. ಬೀಗತಿಯ ಕುರ್ಚಿ ಎತ್ತಿ ಒಗೆಯಬೇಕೆನಿಸಿತು. ಅವರು ಕದಲಲಿಲ್ಲ. ಕೊನೆಗೊಮ್ಮೆ ಬೇರೆ ಥರದ ಸದ್ದು ಬಂತು, ಮಣ್ಣು ಎಳೆದು ಎಳೆದು ಒತ್ತುವ ಸದ್ದು. ಅದೂ ನಿಂತು ಎಷ್ಟೋ ಹೊತ್ತಾದ ಮೇಲೆ ಅವರೇ ಬಾಗಿಲು ತೆಗೆದರು.

ಟಬ್ಬಿನ ಮಣ್ಣು ಸಾರಿಸಿದ ಹಾಗೆ ಸಮವಾಗಿತ್ತು. ಓತಿ ಬಲ್ಬಿನ ಕೆಳಗೆ ಚಪ್ಪಟೆಯಾಗಿ ಬಿದ್ದಿತ್ತು. ಪಕ್ಕೆಲುಬು ಕಾಣುವಂತೆ ಹೊಟ್ಟೆ ಒಳಸೇರಿತ್ತು, ಮೂತಿಗೆಲ್ಲ ಕೆಸರು. ಒಂದು ಕಣ್ಣು ತೆರೆದು ನಮ್ಮನ್ನು ನೋಡಿತು. ಮಗಳು ಬೆರಳಿನಿಂದ ಮಣ್ಣು ಸರಿಸಿದಳು. ಕೆಳಗೆ ಬೆಳ್ಳಗೆ ತತ್ತಿಗಳು, ಒಂದರ ಮೇಲೊಂದು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಬಾಣಂತಿ ಮಾರಿ ನೋಡ್ರಿ, ಹೆಂಗ ಸೊರಗ್ಯದ" ಎಂದು ದೂರದಿಂದಲೇ ಮರುಗಿದ ಬೀಗತಿ, ಮುಟ್ಟದಿದ್ದರೂ ಕೈತುಂಬ ಸಾಬೂನು ಹಚ್ಚಿ ತೊಳೆದುಕೊಂಡರು.

ಅವರು ಊರಿಗೆ ಹೋದ ಮೇಲೆ ಮಗಳು ನನ್ನ ಹತ್ತಿರ ಬಂದು ಕುಳಿತಳು.

"ಯವ್ವಾ, ದವಾಖಾನ್ಯಾಗ ಹೆರಿಗಿ ಕೋಣಿಗೆ ಒಬ್ರನ್ನೇ ಬಿಡ್ತಾರಂತ. ಅತ್ತಿ ಬರ್ಲಿ. ನೀ ಹೊರಗ ಕುಂದ್ರು."

ಹೆತ್ತವಳು ನಾನು, ನಿನ್ನೆ ಮೊನ್ನೆ ಕಂಡವರು ಒಳಗಾ? ಆದರೆ ಅವಳು ಜಗಳಕ್ಕೆ ಹೇಳಿರಲಿಲ್ಲ, ಬೇಡಿಕೊಳ್ಳುವ ದನಿಯಿತ್ತು. ಆಗಲಿ ಅಂದೆ. ಆ ದಿನವೆಲ್ಲ ಅವಳ ಜೊತೆ ಮಾತಾಡಲಿಲ್ಲ.

ಹೆರಿಗೆಯ ದಿನ ಬೀಗತಿ ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಬಹಳ ಹೊತ್ತಿನ ಮೇಲೆ ಒಳಗಿಂದ ಮಗಳು ಚೀರಿದ್ದು ಕೇಳಿಸಿತು, "ಯವ್ವಾ!" ಕರೆದದ್ದು ನನ್ನನ್ನೇ. ಎದ್ದು ಓಡಿದೆ, ಬಾಗಿಲಿಗೆ ಕೈ ಇಟ್ಟೆ, ತಳ್ಳಲಿಲ್ಲ. ಕೂಸಿನ ಅಳು ಕೇಳುವ ತನಕ ಹಾಗೇ ನಿಂತಿದ್ದೆ.