ಶಂಕರನಾರಾಯಣರ ಪಟ್ಟಿ

ಸವಳಂಗ ರಸ್ತೆಯ ಕಾರು ಮಾರಾಟಗಾರ ಶಂಕರನಾರಾಯಣರು ಮದುವೆಯೂಟದ ಪಂಕ್ತಿಯಲ್ಲೂ ತಮಗಿಂತ ಮೊದಲು ಬಂದವರನ್ನು ಹುಡುಕಿ ಕೂರಿಸುವವರು. ವರ್ಷಕ್ಕೊಂದೇ ಬರುವ ಸ್ಪೋರ್ಟ್ಸ್ ಕಾರಿಗೆ ಕಾದವರ ಪಟ್ಟಿಯನ್ನು ಶೋರೂಮಿನ ಗಾಜಿಗೇ ಅಂಟಿಸಿ, ಅವಸರಪಟ್ಟವರಿಗೆಲ್ಲ "ಪಟ್ಟೀನ ಕೇಳಿ, ನನ್ನನ್ನಲ್ಲ" ಎನ್ನುತ್ತಾರೆ. ಇಂಥ ನಿಯಮ ಬಂಧುಗಳೆದುರು ಕರಗುತ್ತದೆಂದೇ ನನ್ನ ಅನುಮಾನವಾಗಿತ್ತು. ಈ ಸಲ ಕಾರು ಬಂದಾಗ ಪಟ್ಟಿಯ ಮೊದಲಿಗರಾದ ಭದ್ರಾವತಿಯ ಭೈರಪ್ಪ ತೀರಿಕೊಂಡಿದ್ದರು. ಎರಡನೆಯವನು ಶಂಕರನಾರಾಯಣರ ಭಾವಮೈದುನ. "ಸತ್ತೋರಿಗೆಂಥ ಸರದಿ ಭಾವ? ಕೀ ಕೊಡಿ ಮಾರಾಯ್ರೆ" ಎನ್ನುತ್ತ ಅವನು ಪೂಜೆಯ ನಿಂಬೆಹಣ್ಣು ಹಿಡಿದೇ ಬಂದ. ಇವರು ಭೈರಪ್ಪನವರ ಹೆಂಡತಿಗೆ ಫೋನ್ ಮಾಡಿದರು: "ಕರಿಯಮ್ಮನವ್ರೆ, ಯಜಮಾನ್ರ ಸರದಿ ಬಂದಿದೆ. ಬೇಡ ಅನ್ನೋದಾದ್ರೆ ನೀವೇ ಅನ್ಬೇಕು." ಗಂಟೆಯೊಳಗೆ ಬಂದ ಕರಿಯಮ್ಮ ಸ್ಟಿಯರಿಂಗ್ ಹಿಡಿದು ಕುಳಿತು, "ನಂಗೇ ಬೇಕು, ಓಡ್ಸೋದು ಕಲೀತೀನಿ" ಎಂದರು. ಶಂಕರನಾರಾಯಣರು ಭಾವಮೈದುನನ ಕೈಯಿಂದ ನಿಂಬೆಹಣ್ಣು ತೆಗೆದುಕೊಂಡು ಆ ಕಾರಿನ ಚಕ್ರದಡಿ ಇಟ್ಟರು.